ಮುಸುವಗಳಿಗೆ ಏನನ್ನೂ ಕೊಡದವರು

ಅರಳಿ ಎಲೆ ಇಡಿಯಾಗಿತ್ತು, ತೊಟ್ಟು ಮಾತ್ರ ಇರಲಿಲ್ಲ. ತೊಟ್ಟು ಸೇರುವ ಕಡೆ ಎಲೆ ಒಂದಿಷ್ಟು ಹರಿದಿತ್ತು. ಕತ್ತರಿಸಿದ್ದಲ್ಲ, ಹಲ್ಲಿನಿಂದ ಎಳೆದದ್ದು. ಬಲಿತ ಎಲೆಯಲ್ಲಿ ಮುಸುವಕ್ಕೆ ಬೇಕಾದದ್ದು ಹೆಚ್ಚಾಗಿ ತೊಟ್ಟು. ಅದನ್ನು ತಿಂದು ಉಳಿದದ್ದನ್ನು ಕೆಳಗೆ ಹಾಕುತ್ತದೆ. ಇದನ್ನು ನನಗೆ ತೋರಿಸಿಕೊಟ್ಟವರು ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟರಲ್ಲ, ರೈಲ್ವೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದ ಹುಬ್ಬಳ್ಳಿಯ ಒಬ್ಬ ಹೆಂಗಸು.

ನಾವು ಅವರನ್ನು ಕಾಕು, ಅವರ ಕಡೆಯ ಮಾತಿನಲ್ಲಿ ಚಿಕ್ಕಮ್ಮ, ಎನ್ನುತ್ತಿದ್ದೆವು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಅಮೃತಶಿಲೆಯ ಮೇಲೆ ಕೆತ್ತಿಸಲು ಹೊರಟವರಿದ್ದಾರೆ, ಅಷ್ಟು ಸಾಕು.

ಕಳೆದ ತಿಂಗಳು ಕಾಕು ತೀರಿಕೊಂಡರು. ಮೂರನೆಯ ದಿನ ಸಂಜೆ ಬೆಸ್ಣು ಇತ್ತು. ಗುಜರಾತಿನಲ್ಲಿ ಸಾವಾದ ಮನೆಗೆ ಬಿಳಿ ಬಟ್ಟೆ ಉಟ್ಟು ಹೋಗಿ, ಫೋಟೋದ ಮುಂದೆ ಸ್ವಲ್ಪ ಹೊತ್ತು ಕೂತು ಬರುವ ಪದ್ಧತಿ ಅದು. ಅಲ್ಲಿ ನಮ್ಮ ಸೊಸೈಟಿಯ ಸೆಕ್ರೆಟರಿ ಎದ್ದು ನಿಂತು, ಕೈಯಾರೆ ಆ ಮೂಕ ಪ್ರಾಣಿಗಳಿಗೆ ತಿನ್ನಿಸಿದ ಪುಣ್ಯಾತ್ಮರು ಇವರು ಎಂದರು. ಬಂದವರೆಲ್ಲ ತಲೆಯಾಡಿಸಿದರು. ನಾನು ಗೋಡೆಗೆ ಒರಗಿ ಕೂತಿದ್ದೆ. ಕಾಕು ತಮ್ಮ ಜೀವಮಾನದಲ್ಲಿ ಒಂದು ಮುಸುವಕ್ಕೂ ಒಂದು ಕಡಲೆಕಾಯಿಯನ್ನೂ ಕೊಟ್ಟವರಲ್ಲ. ಯಾರೂ ಕೊಡದ ಹಾಗೆ ತಡೆಯಲು ಅವರು ಪಟ್ಟ ಪಾಡನ್ನು ಆ ಕೋಣೆಯಲ್ಲಿ ಕೂತಿದ್ದ ಪ್ರತಿಯೊಬ್ಬರೂ ಕಣ್ಣಾರೆ ಕಂಡಿದ್ದರು. ಕಂಡೂ ಹೀಗೆ ಹೇಳುತ್ತಾರೆ ಎಂಬುದನ್ನು ನನಗೆ ಇನ್ನೂ ನುಂಗಿಕೊಳ್ಳಲಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಸೊಸೈಟಿ ವಡೋದರಾದ ಫತೇಗಂಜಿನಲ್ಲಿದೆ. ಎರಡು ಹಳೆಯ ಕಟ್ಟಡ, ಇಪ್ಪತ್ತನಾಲ್ಕು ಮನೆ. ಹಿಂದೆ ಕಟ್ಟೆ ಕಟ್ಟಿದ ಒಂದು ದೊಡ್ಡ ಅರಳಿ, ನಾಲ್ಕು ಬೇವು, ಒಂದು ಬಾಗೆ ಮರ. ಅಪ್ಪನಿಗೆ ವಿಮಾ ಕಂಪನಿಯಲ್ಲಿ ಕೆಲಸ. ಎರಡು ವರ್ಷ ಅಹಮದಾಬಾದಿನ ಮಣಿನಗರದಲ್ಲಿದ್ದು, ನನಗೆ ಹನ್ನೆರಡಾಗಿದ್ದಾಗ ಇಲ್ಲಿಗೆ ಬಂದೆವು. ಕೆಳಗಿನ ಮನೆಯಲ್ಲಿ ಕನ್ನಡದವರೊಬ್ಬರು ಒಂಟಿಯಾಗಿದ್ದಾರೆ ಎಂದು ಗೊತ್ತಾದ ದಿನವೇ ಅಮ್ಮ ನನ್ನನ್ನು ಅಲ್ಲಿಗೆ ಅಟ್ಟಿದಳು. ಕರ್ನಾಟಕದ ಹೊರಗೆ ಬೆಳೆದ ನನಗೆ ಕನ್ನಡ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿರಲಿಲ್ಲ.

ಕಾಕು ಪುಸ್ತಕ ಇಟ್ಟು ಕಲಿಸಲಿಲ್ಲ. ಅಕ್ಷರಗಳು ಬಂದ ಮೇಲೆ, ವರಾಂಡದಲ್ಲಿ ಕೂರಿಸಿ, ಕಂಡದ್ದನ್ನು ಬರೆ ಎಂದರು. ಮರದ ಮೇಲೆ ಮಂಗ ಇದೆ ಎಂದು ಬರೆದೆ.

"ಎಲ್ಲದ ಮಂಗ್ಯಾ? ತೋರಸು."

ಬೆರಳು ಮಾಡಿ ತೋರಿಸಿದೆ.

"ಅದು ಮುಶ್ಯಾ. ಕೆಂಪ ಮಾರೀದು ಮಂಗ್ಯಾ, ಕರೀ ಮಾರೀದು ಮುಶ್ಯಾ. ಪುಸ್ತಕದಾಗ ಮುಸುವ ಅಂತಾರ. ಮಂಗ್ಯಾ ನಿನ್ನಂಗ, ಕೊಟ್ಟದ್ದೆಲ್ಲಾ ತಿಂತದ. ಇದು ಎಲಿ ತಿನ್ನೂದು. ಕಾಟ ಹೊಡಿ ಅದನ್ನ."

ನಾನು ಕಾಟು ಹೊಡೆದೆ. ಮುಸುವ ಎಂದು ಬರೆಯಲು ಹೋಗಿ ಮೂಸುವ ಎಂದು ಬರೆದೆ. ಅವರು ನಕ್ಕರು, ಹಚ್ಚಿದ ಅವಲಕ್ಕಿಯ ತಟ್ಟೆಯನ್ನು ನನ್ನ ಕಡೆ ತಳ್ಳಿದರು, ಮತ್ತೆ ಬರೆಸಿದರು.

ಕೆಲಸದಲ್ಲಿದ್ದಾಗಿನ ಅಭ್ಯಾಸ ಅವರನ್ನು ಬಿಟ್ಟಿರಲಿಲ್ಲ. ಯಾರು ಏನು ಹೇಳಿದರೂ ಅದನ್ನು ಒಮ್ಮೆ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುತ್ತಿದ್ದರು. ತರಕಾರಿಯವಳು ಅರ್ಧ ಕಿಲೋ ಎಂದರೆ "ಅರ್ಧ ಕಿಲೋ, ಬರೋಬ್ಬರಿ ಕೇಳಿಸ್ತು" ಎನ್ನುತ್ತಿದ್ದರು. ನಾನು ಬಿ.ಎಸ್ಸಿ. ಮೂರನೆಯ ವರ್ಷದಲ್ಲಿದ್ದಾಗ ಒಂದು ದಿನ ಬಹಳ ಉತ್ಸಾಹದಿಂದ ಹೋಗಿ ವಿವರಿಸಿದೆ: ಮುಸುವದ ಹೊಟ್ಟೆಯಲ್ಲಿ ಹಲವು ಕೋಣೆಗಳಿವೆ, ಅಲ್ಲಿರುವ ಸೂಕ್ಷ್ಮಜೀವಿಗಳು ಎಲೆಯನ್ನು ಹುದುಗಿಸಿ ಅರಗಿಸುತ್ತವೆ, ಸಿಹಿ ಅಥವಾ ಹಿಟ್ಟು ಹೆಚ್ಚಾಗಿ ಬಿದ್ದರೆ ಅಲ್ಲಿ ಆಮ್ಲ ಏರಿ ಎಲ್ಲ ಕೆಡುತ್ತದೆ. ಕಾಕು ಪೂರ್ತಿ ಕೇಳಿಸಿಕೊಂಡರು.

"ಅಂದ್ರ ಆಕಳ ಹೊಟ್ಟಿ ಇದ್ದಂಗ."

"ಹೌದು, ಸುಮಾರು ಹಾಗೇ."

"ಇಷ್ಟು ಹೇಳಾಕ ನಿಮ್ಮ ಕಾಲೇಜಿಗೆ ಮೂರು ವರ್ಷ ಹಿಡೀತೇನು?"

ಅವರಿಗೆ ಮುಸುವಗಳ ಮೇಲೆ ಪ್ರೀತಿ ಇತ್ತು ಎಂದು ಸೊಸೈಟಿಯವರು ಹೇಳುತ್ತಾರೆ. ಹಿಂದಿನಿಂದ ಅವರಿಗೆ ವಾಂದರಾವಾಳಾ ಮಾಸಿ, ಕೋತಿಗಳ ಚಿಕ್ಕಮ್ಮ, ಎಂದು ಹೆಸರಿಟ್ಟಿದ್ದರು. ನಾನು ಒಮ್ಮೆ ನೇರವಾಗಿ ಕೇಳಿದ್ದೆ. "ಪ್ರೀತಿ ಗೀತಿ ಏನಿಲ್ಲವ್ವಾ. ಅವು ನಮ್ಮ ಕಡೆ ನೋಡೂದಿಲ್ಲ. ಅದಕ್ಕ ನನಗ ಸೇರತಾವ" ಎಂದರು. ನಿಜ. ಬೆಳಗಿನ ಹೊತ್ತು ಆ ಹಿಂಡು ಬೇವಿನ ಚಿಗುರಲ್ಲೋ ಬಾಗೆಯ ಹೂವಲ್ಲೋ ಕೂತು ತಿನ್ನುವಾಗ, ಕೆಳಗೆ ಸ್ಕೂಟರು ಶುರುವಾದರೂ ಕುಕ್ಕರ್ ಕೂಗಿದರೂ ತಲೆ ಎತ್ತುತ್ತಿರಲಿಲ್ಲ. ಕಾಕು ಚಹಾ ಹಿಡಿದು ಒಂದು ಗಂಟೆ ನೋಡುತ್ತಿದ್ದರು. ಹತ್ತಿರ ಹೋಗುತ್ತಿರಲಿಲ್ಲ, ಕರೆಯುತ್ತಿರಲಿಲ್ಲ, ಯಾವುದಕ್ಕೂ ಹೆಸರಿಟ್ಟಿರಲಿಲ್ಲ.

ಶನಿವಾರ ಬಂದರೆ ಮಾತ್ರ ಯುದ್ಧ. ಹನುಮಂತನ ವಾರವೆಂದು ಜನ ಬಾಳೆಹಣ್ಣು, ಕಡಲೆಹಿಟ್ಟಿನಲ್ಲಿ ಕರಿದ ಗಾಂಠಿಯಾ, ಬಿಸ್ಕೀಟು, ತುಪ್ಪ ಸವರಿದ ರೊಟ್ಟಿ ಹಿಡಿದು ಬರುತ್ತಿದ್ದರು. ಕಾಕುಗೆ ಗುಜರಾತಿ ಸರಿಯಾಗಿ ಬರುತ್ತಿರಲಿಲ್ಲ. ಹಿಂದಿ, ಗುಜರಾತಿ, ಕೋಪ ಬಂದರೆ ಹುಬ್ಬಳ್ಳಿ ಕನ್ನಡ, ಮೂರನ್ನೂ ಕಲಸಿ ಆಡುತ್ತಿದ್ದರು. ಸ್ಕೂಟರಿನಲ್ಲಿ ಬಾಳೆಗೊನೆ ತರುವ ಒಬ್ಬ ಮನುಷ್ಯನಿದ್ದ. ಅವನನ್ನು ಒಂದು ಸಲ ಗೇಟಿನಲ್ಲೇ ತಡೆದರು.

"ಭಾಯಿ, ನಿಮ್ಮ ಅಪ್ಪನಿಗೆ ಸಕ್ಕರೆ ಕಾಯಿಲೆ ಇದೆಯಲ್ಲ?"

"ಇದೆ ಮಾಸಿ. ನಿಮಗೆ ಹೇಗೆ ಗೊತ್ತು?"

"ನೀವೇ ಹೇಳಿದ್ದಿರಿ. ಅವರಿಗೆ ಶನಿವಾರ ಜಿಲೇಬಿ ತಿನ್ನಿಸುತ್ತೀರೇನು?"

"ಡಾಕ್ಟರು ಬೇಡ ಅಂದಿದ್ದಾರೆ."

"ಅಪ್ಪನಿಗೆ ಬೇಡ, ಹನುಮಂತನಿಗೆ ಇರಲಿ ಅಂತೇನು? ಹನುಮಂತನಿಗೆ ಡಾಕ್ಟರಿಲ್ಲ ಅಂತ ಧೈರ್ಯ?"

ಅವನು ನಗುತ್ತಾ ಸ್ಕೂಟರು ತಿರುಗಿಸಿದ. ಮುಂದಿನ ಶನಿವಾರ ಮತ್ತೆ ಬಂದ. ನಗುವವರನ್ನು ಗೆಲ್ಲುವುದು ಕಷ್ಟ ಎನ್ನುವುದನ್ನು ನಾನು ಅಲ್ಲೇ ನೋಡಿದ್ದು.

ನನಗೆ ಹದಿನಾಲ್ಕಾದ ವರ್ಷ ಪಕ್ಕದ ಮೈದಾನದಲ್ಲಿ ಒಂದು ಮದುವೆ ನಡೆಯಿತು. ಮರುದಿನ ಬೆಳಿಗ್ಗೆ ಉಳಿದ ಪೂರಿ, ಅನ್ನ, ಸಿಹಿಯನ್ನು ದೊಡ್ಡ ಪಾತ್ರೆಯಲ್ಲಿ ತಂದು ನಮ್ಮ ಕಾಂಪೌಂಡಿನ ಗೋಡೆಯ ಪಕ್ಕ ಸುರಿದರು. ಚೆಲ್ಲಿದ್ದಲ್ಲ, ದಾನ ಮಾಡಿದ್ದು. ಎರಡು ದಿನದ ಮೇಲೆ ಒಂದು ಎಳೆಯ ಹೆಣ್ಣು ಮುಸುವ ಗೋಡೆಯ ಮೇಲೆ ಕೂತದ್ದು ಏಳಲಿಲ್ಲ. ಹೊಟ್ಟೆ ಊದಿಕೊಂಡಿತ್ತು. ಉಳಿದವು ಮರ ಹತ್ತಿದರೂ ಅದು ಹತ್ತಲಿಲ್ಲ. ಪಶುವೈದ್ಯರು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು, ಸತ್ತಿತ್ತು. ಕಾಕು ಬೆಳಗಿನಿಂದ ಅದರಿಂದ ಆರಡಿ ದೂರದಲ್ಲಿ ನೆಲದ ಮೇಲೆ ಕೂತಿದ್ದರು. ಮುಟ್ಟಲಿಲ್ಲ. ಎದ್ದಾಗ ಸೀರೆಯ ಮಣ್ಣು ಕೊಡವಿಕೊಂಡು ಹೇಳಿದ್ದು ಇಷ್ಟೇ: "ಯಾರ ಮದುವೀನೋ, ಯಾರ ಹೆಣಾನೋ."

ಆ ವಾರವೇ ಅವರು ಒಂದು ಹಲಗೆ ಬರೆಸಲು ನಿರ್ಧರಿಸಿದರು. ಸೊಸೈಟಿಯವರು ಆಗಲೇ ಅರಳಿಯ ಕೆಳಗಿನ ಕೊಂಬೆಗಳನ್ನು ಕಡಿಸುವ ಮಾತಾಡುತ್ತಿದ್ದರು, ಎಲೆ ಬಿದ್ದು ಅಂಗಳ ಗಲೀಜಾಗುತ್ತದೆ ಎಂದು. ಕಾಕುಗೆ ಗುಜರಾತಿ ಬರೆಯಲು ಬರುತ್ತಿರಲಿಲ್ಲ. ನನಗೆ ಬರುತ್ತಿತ್ತು, ಅಥವಾ ಬರುತ್ತದೆ ಎಂದು ನಾನೂ ಅವರೂ ತಿಳಿದಿದ್ದೆವು. ಅವರು ಕನ್ನಡದಲ್ಲಿ ಹೇಳಿದರು: ಮುಸುವಗಳಿಗೆ ಎಲಿ ಬಿಡ್ರಿ. ಅಂದರೆ ಕೊಂಬೆ ಕಡಿಯಬೇಡಿ, ಎಲೆಯನ್ನು ಅವುಗಳ ಪಾಲಿಗೆ ಬಿಡಿ. ಅವುಗಳಿಗೆ ಬೇಕಾದದ್ದು ಮರದಲ್ಲೇ ಇದೆ.

ಬಿಡಿ ಎನ್ನುವುದಕ್ಕೆ ನಾನು ಮೂಕೋ ಎಂದು ಬರೆದೆ. ಶಾಲೆಯಲ್ಲಿ ಹುಡುಗಿಯರು ಮಾತು ಮಾತಿಗೆ 'ಮೂಕ್ ನೇ' ಎನ್ನುತ್ತಿದ್ದರು, ಬಿಡೇ ಅತ್ಲಾಗೆ ಎನ್ನುವ ಹಾಗೆ. ನನ್ನ ಕಿವಿಗೆ ಆ ಪದ ಹಾಗೆಯೇ ಅಂಟಿತ್ತು. ಆದರೆ ಹಲಗೆಯ ಮೇಲೆ ಬರೆದಾಗ ಯಾವ ಗುಜರಾತಿಯವರೂ ಅದನ್ನು ಬಿಡಿ ಎಂದು ಓದುವುದಿಲ್ಲ. ಇಡಿ ಎಂದು ಓದುತ್ತಾರೆ. ವಾಂದರಾ ಮಾಟೇ ಪಾಂದಡಾಂ ಮೂಕೋ: ಕೋತಿಗಳಿಗಾಗಿ ಎಲೆ ಇಡಿ.

ಮೊದಲ ದಿನ ಅರಳಿಕಟ್ಟೆಯ ಮೇಲೆ ಹೂಕೋಸಿನ ಎಲೆ, ಪಾಲಕ್ ಕಟ್ಟು ಬಂದವು. ಎರಡನೆಯ ದಿನ ಪಾಲಕ್ ಜೊತೆ ರೊಟ್ಟಿ. ಮೂರನೆಯ ದಿನ ಎಲೆ ಇರಲೇ ಇಲ್ಲ, ಸ್ಟೀಲ್ ತಟ್ಟೆಯಲ್ಲಿ ಲಾಡು ಇತ್ತು. ಕಾಕು ನನ್ನನ್ನು ಕರೆದು ಹಲಗೆಯ ಮುಂದೆ ನಿಲ್ಲಿಸಿದರು. ಅಷ್ಟರಲ್ಲಿ ಯಾರನ್ನೋ ಕೇಳಿ ಅರ್ಥ ತಿಳಿದುಕೊಂಡಿದ್ದರು.

"ನಾ ಏನ ಹೇಳಿದೆ ತಂಗಿ?"

"ಬಿಡ್ರಿ ಅಂದ್ರಿ."

"ನೀ ಏನ ಬರದಿ?"

ನಾನು ಮೂಕೋ ಎಂಬ ಪದದ ಮೇಲೆ ಬೆರಳಿಟ್ಟೆ.

"ನಾ ಬಿಡ್ರಿ ಅಂದೆ, ನೀ ಇಡ್ರಿ ಅಂತ ಬರದಿ."

ಹಲಗೆಯನ್ನು ಅವರೇ ಕಿತ್ತು ಒಳಗೆ ಒಯ್ದರು. ಅದು ಮೂರು ದಿನ ಇತ್ತು. ಅಭ್ಯಾಸ ಮಾತ್ರ ಹೋಗಲಿಲ್ಲ. ಆ ಕಟ್ಟೆ ಇಡುವ ಜಾಗ ಎಂದಾಯಿತು. ತಿಂಗಳೊಪ್ಪತ್ತಿನಲ್ಲಿ ಮುಸುವಗಳು ಮರ ಇಳಿದು ಕಾಯತೊಡಗಿದವು. ಅವುಗಳ ನೋಟ ಬದಲಾಯಿತು, ಮನುಷ್ಯರ ಕೈ ನೋಡುತ್ತಿದ್ದವು. ಒಂದು ದಿನ ಬಿ ಕಟ್ಟಡದ ಅಜ್ಜಿಯೊಬ್ಬರ ಚೀಲಕ್ಕೆ ಒಂದು ಗಂಡು ಮುಸುವ ಕೈ ಹಾಕಿತು, ಅವರು ಎಳೆದುಕೊಂಡರು, ಅದು ಕಚ್ಚಿತು. ಅದಾದ ನಾಲ್ಕನೆಯ ದಿನ ಸೊಸೈಟಿಯವರು ಬೋನು ತರಿಸಿದರು. ಲಾಡು ಇಟ್ಟವರೇ ಬೋನಿನೊಳಗೂ ಬಾಳೆಹಣ್ಣು ಇಟ್ಟರು. ಆರು ಮುಸುವಗಳು ವ್ಯಾನಿನಲ್ಲಿ ಹೋದವು. ಎಲ್ಲಿಗೆ ಎಂದು ಕಾಕು ಎಷ್ಟು ಕೇಳಿದರೂ ಯಾರೂ ಸರಿಯಾಗಿ ಹೇಳಲಿಲ್ಲ.

ಆಮೇಲೆ ಒಂದು ತಿಂಗಳು ಅವರು ನನ್ನ ಜೊತೆ ಮಾತಾಡಲಿಲ್ಲ. ಒಂದು ಸಂಜೆ ಮೆಟ್ಟಿಲಲ್ಲಿ ಎದುರಾದಾಗ "ಬಾ, ಅಕ್ಷರ ಮರೀತಿ" ಎಂದರು. ಅಷ್ಟೇ ಕ್ಷಮೆ. ಅವರ ಮೇಲೂ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ. ಅಷ್ಟು ವರ್ಷ ಗುಜರಾತಿನಲ್ಲಿದ್ದು ಗುಜರಾತಿ ಓದಲು ಕಲಿಯಲಿಲ್ಲ. ಕಲಿತಿದ್ದರೆ ಹದಿನಾಲ್ಕು ವರ್ಷದವಳ ಕೈಯಲ್ಲಿ ಬರೆಸುತ್ತಿರಲಿಲ್ಲ. ಹಲಗೆ ಕಿತ್ತ ಮೇಲೆ ತಪ್ಪು ಯಾರದೆಂದು ಯಾರಿಗೂ ಹೇಳಲೂ ಇಲ್ಲ. ನನ್ನನ್ನು ಉಳಿಸಲು ಸುಮ್ಮನಿದ್ದರು. ಉಳಿಸಿದ್ದು ತಪ್ಪಾಯಿತು.

ಮಾತಾಡುವ ಬದಲು ಅವರು ಒಂದು ಕೆಲಸ ಮಾಡಿದರು. ಪ್ರತಿ ಶನಿವಾರ ಬೆಳಿಗ್ಗೆ ಆರಕ್ಕೆ ಆ ಕಟ್ಟೆಯ ಮೇಲೆ ಹೋಗಿ ಕೂತರು. ನಡುವೆ, ಕಾಲು ಚಾಚಿ, ಪಕ್ಕದಲ್ಲಿ ಚಹಾದ ಫ್ಲಾಸ್ಕು, ಇನ್ನೊಂದು ಪಕ್ಕದಲ್ಲಿ ಛತ್ರಿ. ಹತ್ತು ಗಂಟೆಯವರೆಗೆ ಏಳುತ್ತಿರಲಿಲ್ಲ. ಏಕೆ ಹೀಗೆ ಎಂದು ಕೇಳಿದೆ. "ಇಡಾಕ ಜಾಗಾ ಇರಬಾರದು. ಅದಕ್ಕ ನಾ ಕೂತೀನಿ." ತಟ್ಟೆ ತಂದವರು ಸ್ವಲ್ಪ ಹೊತ್ತು ನಿಂತು, ಮುಜುಗರಪಟ್ಟು, ವಾಪಸು ಒಯ್ಯುತ್ತಿದ್ದರು. ಹೀಗೆ ಹನ್ನೆರಡು ವರ್ಷ ಕೂತರು. ಉಳಿದ ಹಿಂಡು ನಿಧಾನವಾಗಿ ಮರಕ್ಕೆ ಮರಳಿತು. ಈಗಿರುವ ಮರಿಗಳಿಗೆ ಮನುಷ್ಯರ ಕೈ ಎಂದರೆ ಏನೆಂದು ಗೊತ್ತಿಲ್ಲ.

ನಾನು ಕೆಲಸಕ್ಕೆ ಸೂರತ್ತಿಗೆ ಹೋದೆ. ಹಜೀರಾದ ಒಂದು ಕಾರ್ಖಾನೆಯಲ್ಲಿ ನೀರಿನ ಪರೀಕ್ಷೆ ಮಾಡುವ ಪ್ರಯೋಗಾಲಯ, ಕಂಪನಿಯ ಕಾಲೊನಿಯಲ್ಲಿ ಒಂದು ಕೋಣೆ. ಭಾನುವಾರ ಕಾಕು ಫೋನ್ ಮಾಡುತ್ತಿದ್ದರು. ಯಾವ ಮರ ಚಿಗುರಿದೆ, ಯಾವ ಮುಸುವ ಮರಿ ಹಾಕಿದೆ, ಯಾರು ತಟ್ಟೆ ತಂದು ಬೈಸಿಕೊಂಡರು. ನನ್ನ ಆರೋಗ್ಯವನ್ನು ಕೊನೆಗೆ ಕೇಳುತ್ತಿದ್ದರು, ಅದೂ ನೆನಪಾದರೆ.

ಕಾಕು ಆಸ್ಪತ್ರೆ ಸೇರಿದ ಸುದ್ದಿ ಬಂದು ನೋಡಲು ಹೋದಾಗ ಅವರ ಮುಖ ಬಹಳ ಸಣ್ಣದಾಗಿತ್ತು. ತಮ್ಮ ಬಗ್ಗೆ ಏನೂ ಹೇಳಲಿಲ್ಲ.

"ಇನ್ನ ಶನಿವಾರ ಯಾರ ಕೂಡ್ತಾರ ತಂಗಿ? ಆ ಕಟ್ಟೀ ಮ್ಯಾಲೆ ಒಂದು ತಟ್ಟಿ ಇಟ್ರು ಅಂದ್ರ ಮುಗೀತು. ಮತ್ತ ಇಳೀತಾವ, ಮತ್ತ ಕಚ್ಚತಾವ, ಮತ್ತ ಬೋನು ಬರ್ತದ."

"ನಾನು ನೋಡಿಕೊಳ್ಳುತ್ತೇನೆ ಕಾಕು."

"ನೋಡ್ಕೋತೀನಿ. ಬರೋಬ್ಬರಿ ಕೇಳಿಸ್ತು" ಎಂದು ಕಣ್ಣು ಮುಚ್ಚಿದರು.

ಬೆಸ್ಣಿನಲ್ಲಿ ಸೆಕ್ರೆಟರಿ, ಪುಣ್ಯಾತ್ಮರು ಎಂದಷ್ಟಕ್ಕೆ ನಿಲ್ಲಿಸಲಿಲ್ಲ. ಅರಳಿಕಟ್ಟೆಯ ಮೇಲೆ ಅಮೃತಶಿಲೆ ಹಾಸಿ, ಕಾಕು ಹೆಸರು ಕೆತ್ತಿಸಿ, ಅದನ್ನು ಮುಸುವಗಳಿಗೆ ಊಟ ಇಡುವ ಕಟ್ಟೆ ಮಾಡುತ್ತಾರಂತೆ. ಕಲ್ಲು ಬರಲು ವಾರ ಬೇಕು. ಅಲ್ಲಿಯವರೆಗೆ ಏಕೆ ಕಾಯಬೇಕು, ನಾಡಿದ್ದು ಶನಿವಾರವೇ ಶುರು ಮಾಡೋಣ ಎಂದರು. ಯಾರು ಏನು ತರುತ್ತಾರೆ ಎಂದು ಬರೆಯಲು ಒಂದು ಹಾಳೆ ಕೈಯಿಂದ ಕೈಗೆ ಬಂತು. ಬಾಳೆಹಣ್ಣು, ಪೂರಿ, ಗಾಂಠಿಯಾ, ತುಪ್ಪ ಸೋರುವ ಸಿಹಿ ಮೋಹನಥಾಳ್. ನನ್ನ ಕೈಗೆ ಬಂದಾಗ ನಾನು ಎದ್ದೆ. ಹತ್ತು ಜನರ ಮುಂದೆ ಮಾತಾಡುವುದು ನನಗೆ ಆಗದ ಕೆಲಸ.

"ಅವರು ಯಾವತ್ತೂ ತಿನ್ನಿಸಿಲ್ಲ. ತಿನ್ನಿಸಬೇಡಿ ಎಂದೇ ಅಲ್ಲಿ ಕೂರುತ್ತಿದ್ದರು."

ಸೆಕ್ರೆಟರಿ ನನ್ನನ್ನು ಕರುಣೆಯಿಂದ ನೋಡಿದರು. "ಬೇಟಾ, ನೀನು ಆಗ ಚಿಕ್ಕವಳು. ಅವರೇ ಬೋರ್ಡು ಹಾಕಿದ್ದರು. ವಾಂದರಾ ಮಾಟೇ ಪಾಂದಡಾಂ ಮೂಕೋ. ನನಗೆ ಅಕ್ಷರ ಅಕ್ಷರ ನೆನಪಿದೆ. ನಾವು ಎಲೆಯ ಜೊತೆ ಸ್ವಲ್ಪ ಸಿಹಿ ಸೇರಿಸುತ್ತಿದ್ದೇವೆ, ಅಷ್ಟೇ."

ಯಾರೋ ಮೆಲ್ಲಗೆ ನಕ್ಕರು. "ಶನಿವಾರ ಶನಿವಾರ ಅವುಗಳ ಜೊತೆ ಕೂತಿರುತ್ತಿದ್ದರಲ್ಲ, ಎಂಥ ಭಕ್ತಿ" ಎಂದು ಒಬ್ಬ ಹೆಂಗಸು ಕಣ್ಣೊರೆಸಿಕೊಂಡಳು. ಅವಳ ತಟ್ಟೆಯನ್ನು ಕಾಕು ಎಷ್ಟು ಸಲ ವಾಪಸು ಕಳಿಸಿದ್ದರೋ.

ಆ ಬೋರ್ಡು ಬರೆದವಳು ನಾನು ಎಂದು ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದಿತ್ತು. ಅರವತ್ತು ಜನ ನನ್ನನ್ನು ನೋಡುತ್ತಿದ್ದರು, ನಾನು ಕೂತುಬಿಟ್ಟೆ. ಹಾಳೆಯನ್ನು ಪಕ್ಕದವರಿಗೆ ಕೊಟ್ಟೆ. ಅವರೆಲ್ಲರ ಮೇಲಿನ ನನ್ನ ಸಿಟ್ಟಿಗಿಂತ, ಆ ಹಾಳೆಯನ್ನು ಹರಿಯದೆ ದಾಟಿಸಿದ ನನ್ನ ಕೈಯ ಮೇಲಿನ ಸಿಟ್ಟು ದೊಡ್ಡದು. ಮನೆಗೆ ಬಂದಾಗ ಅಮ್ಮ, "ಹೋದವರ ಹೆಸರಲ್ಲಿ ಜಗಳ ಯಾಕೆ? ಬಿಟ್ಟುಬಿಡು" ಎಂದಳು.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಎ ಕಟ್ಟಡದ ಒಂದನೆಯ ನಂಬರಿನ ಬೆಲ್ ಒತ್ತಿದೆ. ಅದು ಸೆಕ್ರೆಟರಿಯ ಮನೆ. ಅವರು ಪೇಪರು ಹಿಡಿದೇ ಬಾಗಿಲು ತೆಗೆದರು.

"ಆ ಬೋರ್ಡು ಬರೆದದ್ದು ನಾನು" ಎಂದೆ. "ಅವರು ಹೇಳಿದ್ದು ಎಲೆಯನ್ನು ಮರದಲ್ಲೇ ಇರಲು ಬಿಡಿ ಎಂದು. ನನಗೆ ಗುಜರಾತಿ ಸರಿಯಾಗಿ ಬರುತ್ತಿರಲಿಲ್ಲ, ಇಡಿ ಎಂದು ಬರೆದೆ. ಆ ಒಂದು ಪದದಿಂದ ಆರು ಮುಸುವಗಳು ಬೋನಿಗೆ ಹೋದವು. ಬೋನಿಗೆ ಸಹಿ ಹಾಕಿದ್ದು ನೀವು."

"ಇಷ್ಟು ವರ್ಷದ ಮೇಲೆ ಇದೆಲ್ಲ ಯಾಕೆ ಬೇಟಾ? ಎಲ್ಲರೂ ಹೂಂ ಅಂದಿದ್ದಾರೆ."

"ಹಾಗಾದರೆ ನಾಳೆ ಆರು ಗಂಟೆಗೆ ಕಟ್ಟೆಯ ಮೇಲೆ ನಾನು ಕೂತಿರುತ್ತೇನೆ. ತಂದದ್ದನ್ನು ನನ್ನ ತಲೆಯ ಮೇಲೆ ಇಡಿ."

ಅವರು ಇನ್ನೇನೋ ಹೇಳುತ್ತಿದ್ದಾಗ ನಾನು ಎರಡನೆಯ ನಂಬರಿಗೆ ಹೋದೆ. ಅಲ್ಲೂ ಅದನ್ನೇ ಹೇಳಿದೆ, ಮೊದಲಿನಿಂದ, ನನ್ನ ತಪ್ಪನ್ನು ಮುಂದಿಟ್ಟು. ಮೂರನೆಯ ಮನೆಯವರು ಪೂರ್ತಿ ಕೇಳದೆ ಬಾಗಿಲು ಹಾಕಿದರು. ನಾಲ್ಕನೆಯವರು ಒಳಗೆ ಕರೆದು ನೀರು ಕೊಟ್ಟರು. ಐದನೆಯ ಮನೆಯಲ್ಲಿ ಬೆಸ್ಣಿನಲ್ಲಿ ಕಣ್ಣೊರೆಸಿಕೊಂಡ ಹೆಂಗಸು ಇದ್ದಳು. ಎಲ್ಲ ಕೇಳಿಸಿಕೊಂಡು, ಒಳಗೆ ಹೋಗಿ, ಎರಡು ಕೈಯಲ್ಲೂ ಹಿಡಿಸಲಾರದಷ್ಟು ಬಾಳೆಹಣ್ಣು ತಂದು ಬಾಗಿಲಲ್ಲಿ ನಿಂತಳು.

"ನಾಳೆಗೆ ಅಂತ ತರಿಸಿಟ್ಟಿದ್ದೇನಲ್ಲ ಬಹೆನ್, ಈಗ ಇದನ್ನು ಏನು ಮಾಡಲಿ?"

"ನೀವೇ ತಿನ್ನಿ" ಎಂದು ಹೇಳಿ ಆರನೆಯ ಮನೆಯ ಬೆಲ್ ಒತ್ತಿದೆ.